ಊಟದ ಟ ಮತ್ತು ದಸ್ತಗೀರನ ದಸ್ಕತ್ತು

ನಾನು ನಿವೃತ್ತನಾಗಿದ್ದೇನೆ. ವಯಸ್ಸು ಹತ್ತೊಂಬತ್ತು. ನಗುವವರು ಈಗಲೇ ನಕ್ಕು ಮುಗಿಸಿಬಿಡಿ, ಮುಂದೆ ನಗುವುದಕ್ಕೆ ಬೇರೆ ಇದೆ.

ಬೇರೆಯವರು ನಿವೃತ್ತರಾದರೆ ಹಾರ, ಶಾಲು, ಗೋಡೆ ಗಡಿಯಾರ ಕೊಡುತ್ತಾರೆ. ಇನ್ನು ಮೇಲೆ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋಗಬೇಕಾಗಿಲ್ಲದವನಿಗೆ ಗಡಿಯಾರ ಕೊಡುವ ಬುದ್ಧಿವಂತಿಕೆ ಯಾರದೋ ನನಗೆ ಗೊತ್ತಿಲ್ಲ. ನನಗೆ ಸಿಕ್ಕಿದ್ದು ಅಳಿಲಿನ ಕೂದಲಿನ ಒಂದು ಬ್ರಷ್ಷು, ಮತ್ತು ಉಗುರಿನ ಸಂದಿಯಲ್ಲಿ ಮನೆ ಮಾಡಿಕೊಂಡ ಹಸಿರು ಬಣ್ಣ. ಆ ಹಸಿರನ್ನು ತೆಗೆಯಲು ಅಮ್ಮ ಸೀಮೆಎಣ್ಣೆ, ಇಟ್ಟಿಗೆ ಪುಡಿ, ಬೈಗುಳ ಎಲ್ಲ ಹಾಕಿ ಉಜ್ಜಿದಳು. ಬೆರಳು ಸವೆಯಿತು, ಬಣ್ಣ ಹೋಗಲಿಲ್ಲ.

ಗೋವಾದ ಕೊರ್ತಾಲಿಮ್‌ನಲ್ಲಿ, ಝುವಾರಿ ಸೇತುವೆ ಮುಗಿಯುವಲ್ಲಿ, ‘ಗುಲಾಬ್ ಆರ್ಟ್ಸ್’ ಅಂತ ಒಂದು ತಗಡಿನ ಅಂಗಡಿ ಇತ್ತು. ಅಲ್ಲಿ ಆರು ವರ್ಷ ನಾನು ಬೋರ್ಡು, ಲಾರಿ, ಬಸ್ಸು, ಗೋಡೆ ಎಲ್ಲ ಬರೆದೆ. ಆ ಅಕ್ಷರಗಳನ್ನೆಲ್ಲ ಒಂದರ ಮುಂದೊಂದು ಇಟ್ಟರೆ ನಮ್ಮ ಕಡೆಯ ವಿಜಯಪುರ ಮುಟ್ಟುತ್ತದೆ. ಪಣಜಿ ಕೂಡ ಮುಟ್ಟುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಅವರ ಜೊತೆ ನಾನು ವಾದ ಮಾಡುವುದಿಲ್ಲ. ಈ ಕೆಲಸಕ್ಕೆ ಬರಬೇಕೆಂದಿರುವ ಹುಡುಗರಿಗೆ ಇದರ ಒಳಗುಟ್ಟು ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ. ಕೆಲಸ ಈಗ ಉಳಿದಿಲ್ಲ ಅನ್ನುವುದು ಬೇರೆ ಮಾತು.

ನಮ್ಮ ಉಸ್ತಾದ್ ಹುಸೇನಸಾಬ್ ಇಂಡಿ ಕಡೆಯವರು. ಸೇತುವೆ ಕಟ್ಟುವಾಗ ಅದರ ಕಂಬಿಗೆ ಬಣ್ಣ ಬಳಿಯಲು ಬಂದವರು ಸೇತುವೆ ಮುಗಿದರೂ ಊರಿಗೆ ಹೋಗಲಿಲ್ಲ. ಅವರ ಗಡ್ಡ ನೋಡಿದರೆ ಸಾಕು, ಆ ದಿನ ಯಾರ ಬೋರ್ಡು ನಡೆದಿದೆ ಅಂತ ಹೇಳಬಹುದಿತ್ತು. ಕೆಂಪಿದ್ದರೆ ದವಾಖಾನೆ, ಹಳದಿಯಿದ್ದರೆ ಟ್ಯಾಕ್ಸಿ. ಮಾತು ಕಡಿಮೆ. ಬೈಯುವುದಿದ್ದರೆ ಮಾತ್ರ ಪೂರ್ತಿ ವಾಕ್ಯ. ಗುಲಾಬ್ ಯಾರು ಅಂತ ನಾನು ಮೊದಲ ದಿನವೇ ಕೇಳಿದ್ದೆ.

“ಈ ಅಂಗಡಿ ಹಳೇ ಮಾಲಕನ ಆಡು,” ಅಂದರು. “ಭಾಳ ಚಲೋ ಆಡು. ನಿನ್ನಷ್ಟ ಪ್ರಶ್ನೆ ಕೇಳ್ತಿರಲಿಲ್ಲ.”

ಮೊದಲ ಆರು ತಿಂಗಳು ನನಗೆ ಅಕ್ಷರ ಮುಟ್ಟಲು ಬಿಡಲಿಲ್ಲ. ಹಲಗೆಗೆ ಮರಳು ಕಾಗದ ಹಚ್ಚಿ ಉಜ್ಜುವುದು, ಅಷ್ಟೇ. ನಾನು ಎಷ್ಟು ಉಜ್ಜಿದೆನೆಂದರೆ ಒಂದು ಹಲಗೆಯ ಆಚೆ ಬದಿ ಕಾಣಿಸತೊಡಗಿತು. ಆಮೇಲೆ ಸುಣ್ಣ ಬಳಿದ ದಾರವನ್ನು ಹಲಗೆಗೆ ಬಿಗಿದು, ಎಳೆದು ಬಿಟ್ಟು, ಗೆರೆ ಹೊಡೆಯುವುದನ್ನು ಕಲಿಸಿದರು. ಕೊನೆಗೆ ಒಂದು ಮಧ್ಯಾಹ್ನ ಅಕ್ಷರದ ಪಾಠ ಬಂತು. ಅಂಥ ಪಾಠ ಯಾವ ಶಾಲೆಯಲ್ಲೂ ಇಲ್ಲ. ಏಳನೇ ಇಯತ್ತೆಯವರೆಗೆ ಮೂರು ಶಾಲೆ ಬಿಟ್ಟವನು ನಾನು, ನನಗೆ ಗೊತ್ತು.

“ಇಂಗ್ಲೀಷ್ ಅಕ್ಷರ ಪೊಲೀಸರಿದ್ದಂಗ,” ಅಂದರು ಉಸ್ತಾದ್. “ನೆಟ್ಟಗ ನಿಂದರ್ತಾವ. ಒಂದಕ್ಕೊಂದು ಮುಟ್ಟಂಗಿಲ್ಲ. ನಾಗರಿ ಅಕ್ಷರ ಹಗ್ಗಕ್ಕ ಒಣ ಹಾಕಿದ ಅರಿವಿ ಇದ್ದಂಗ. ಮ್ಯಾಲಿನ ಗೆರಿಗೆ ಜೋತ ಬಿದ್ದಿರ್ತಾವ. ಇನ್ನ ನಮ್ಮ ಕನ್ನಡ ಅಕ್ಷರ…”

“ಏನ್ರಿ ಅವು?”

“ಉಂಡ ಕುಂತ ಮಂದಿ. ಹೊಟ್ಟಿ ಬಿಟಗೊಂಡು ಕುಂತಿರ್ತಾವ. ಜಾಗಾ ಜಾಸ್ತಿ ಬೇಕಾಕ್ಕೈತಿ.”

ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಂಡಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಗಿರಾಕಿಗಳ ರುಚಿಯ ಬಗ್ಗೆ ಎರಡು ಮಾತು. ಗಿರಾಕಿಗೆ ರುಚಿ ಇರುವುದಿಲ್ಲ. ಎರಡು ಮಾತೂ ಮುಗಿದವು. ಕೆಪೆಯಿಂದ ಒಬ್ಬ ಲಾರಿ ಮಾಲೀಕ ಬಂದು ಲಾರಿಯ ಹಿಂಬದಿಗೆ ಹುಲಿ ಬೇಕು ಅಂದ. ಉಸ್ತಾದರಿಗೆ ಜ್ವರ. ನಾನು ಹುಲಿಯನ್ನು ಎಂದೂ ನೋಡಿದವನಲ್ಲ. “ಬೆಕ್ಕು ನೋಡಿ ಬರಿ, ಸ್ವಲ್ಪ ದೊಡ್ಡದು ಮಾಡು,” ಅಂತ ಉಸ್ತಾದ್ ಕಂಬಳಿಯೊಳಗಿನಿಂದ ಹೇಳಿದರು. ನಮ್ಮ ಓಣಿಯ ಬೆಕ್ಕು ಒಂದು ಕಡೆ ಕೂತು ಕೊಡುವ ಜಾತಿಯಲ್ಲ. ಅರ್ಧ ಬೆಕ್ಕು ನೋಡಿ, ಅರ್ಧ ಅಂದಾಜಿನ ಮೇಲೆ ಬರೆದೆ. ಕೆಳಗೆ ‘ಹಾರ್ನ್ ಹೊಡೆಯಿರಿ’ ಅಂತ ಹಾಕಿದೆ. ಮಾಲೀಕ ಬಂದು ಲಾರಿಯ ಹಿಂದೆ ನಿಂತ. ಬಹಳ ಹೊತ್ತು ನಿಂತ.

“ಹೆಂ ಕಿತೆಂ ರೇ?” ಇದೇನೋ ಅಂತ ಕೊಂಕಣಿಯಲ್ಲಿ ಕೇಳಿದ.

“ವಾಘ್,” ಅಂದೆ ನಾನು. ಹುಲಿ.

“ಇದು ವಾಘ್ ಅಲ್ಲ. ಇದು ನಮ್ಮ ಮಾವ.”

ನಾನು ಅಳಿಸುವ ಬಟ್ಟೆ ಕೈಗೆತ್ತಿಕೊಂಡೆ. ಆದರೆ ಆ ಪುಣ್ಯಾತ್ಮ ಅಳಿಸು ಅನ್ನಲಿಲ್ಲ. ಮೀಸೆ ಇನ್ನೂ ಸ್ವಲ್ಪ ಕೆಳಗೆ ಬರಲಿ ಅಂದ. ಮುಂದೆ ಎರಡು ವರ್ಷ ಆ ಲಾರಿಯ ಹಿಂದೆ ಬಂದವರೆಲ್ಲ ಅವನ ಮಾವನ ಮುಖ ನೋಡಿ ಹಾರ್ನ್ ಹೊಡೆದರು. ಅವನು ಅಷ್ಟು ಸುಖವಾಗಿ ಲಾರಿ ಓಡಿಸಿದ್ದನ್ನು ಯಾರೂ ಕಂಡಿರಲಿಲ್ಲವಂತೆ.

ಆದರೆ ಹೊಟ್ಟೆ ಉರಿಯುವ ಮಾತು ಬೇರೆಯೇ ಇತ್ತು. ಹುಲಿ ನನ್ನದು, ಮಾವ ನನ್ನವನು, ಮೀಸೆ ನನ್ನದು. ಕೆಳಗಿನ ಮೂಲೆಯಲ್ಲಿ ಹೆಸರು ಮಾತ್ರ ‘ಗುಲಾಬ್ ಆರ್ಟ್ಸ್’. ಒಂದು ಸತ್ತ ಆಡಿನ ಹೆಸರು! ನಾನು ಬರೆದ ಪ್ರತಿಯೊಂದು ಬೋರ್ಡಿನ ಮೂಲೆಯಲ್ಲೂ ಆ ಆಡೇ ನಿಂತಿತ್ತು. ನನ್ನ ಹೆಸರು ದಸ್ತಗೀರ. ದಸ್ಕತ್ತು ಅಂದರೆ ಸಹಿ. ದಸ್ತಗೀರನ ದಸ್ಕತ್ತು ಅಂದರೆ ಕೇಳಲಿಕ್ಕೇ ಎಷ್ಟು ಚಂದ ನೋಡಿ! ಸಹಿ ಹಾಕಲೆಂದೇ ಹೆಸರಿಟ್ಟ ಹಾಗಿದೆ. ಅದನ್ನು ಹಾಕಲು ಎರಡು ಬೆರಳಿನಷ್ಟು ಜಾಗ ಕೊಡದ ಜಗತ್ತಿನ ಮೇಲೆ ನನಗಿದ್ದ ಒಳ್ಳೆಯ ಅಭಿಪ್ರಾಯ ಆಗಲೇ ಹೋಗಿತ್ತು.

ಗೋವಾದಲ್ಲಿ ಡಿಸೆಂಬರ್ ಕೊನೆಗೆ ಒಂದು ಪದ್ಧತಿ ಇದೆ. ಹಳೆ ಪ್ಯಾಂಟು, ಹಳೆ ಅಂಗಿಯೊಳಗೆ ಹುಲ್ಲು ತುರುಕಿ ಒಬ್ಬ ಮುದುಕನನ್ನು ಮಾಡಿ, ರಸ್ತೆ ಬದಿ ಕುರ್ಚಿ ಹಾಕಿ ಕೂರಿಸುತ್ತಾರೆ. ಮುಗಿಯುತ್ತಿರುವ ವರ್ಷ ಅಂದರೆ ಅವನೇ. ತಿಂಗಳ ಕೊನೆಗೆ ಅವನನ್ನು ಸುಟ್ಟು, ಬರುವ ವರ್ಷಕ್ಕೆ ಕೇಕ್ ಕತ್ತರಿಸುತ್ತಾರೆ. ಆ ಮುದುಕನಿಗೆ ಮುಖ ಬರೆಸಲು ಓಣಿಯವರೆಲ್ಲ ನಮ್ಮ ಅಂಗಡಿಗೇ ಬರುತ್ತಿದ್ದರು. ನಾಲ್ಕು ದಿನದಲ್ಲಿ ಬೂದಿಯಾಗುವ ಮುಖಕ್ಕೆ ಹುಬ್ಬು ಸರಿಯಿಲ್ಲ, ಮೂಗು ಡೊಂಕು ಅಂತ ತಕರಾರು ಬೇರೆ.

ಆ ವರ್ಷ ಅಂಥ ಒಬ್ಬ ಮುದುಕ ನಮ್ಮ ಅಂಗಡಿ ಮುಂದೆಯೇ ಕೂತಿದ್ದ. ನಾವು ಅವನ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದೆವು. ನಾನು, ಉಸ್ತಾದ್, ಎದುರಿನ ಖಾನಾವಳಿಯ ಗಂಗವ್ವ, ಮತ್ತು ಬಸ್ ಕಂಡಕ್ಟರ್ ಪೆದ್ರು. ಪೆದ್ರು ಇದೇ ಊರಿನವನು. ನಮ್ಮ ಕೂಲಿ ಜನರನ್ನು ಬಸ್ಸಿನಲ್ಲಿ ತುಂಬಿ ತುಂಬಿ ಕನ್ನಡ ಕಲಿತಿದ್ದ. ಭಜಿ ಕಟ್ಟಿ ಬಂದ ಕನ್ನಡ ಪತ್ರಿಕೆಯ ತುಂಡೊಂದು ನನ್ನ ಕೈಯಲ್ಲಿತ್ತು. ಓದಿ ಹೇಳು ಅಂದಳು ಗಂಗವ್ವ. ಓದಿದೆ.

‘ಬರುವ ವರ್ಷ ನಿಮ್ಮೊಳಗೆ ಮಲಗಿರುವ ಕಲಾವಿದನನ್ನು ಎಬ್ಬಿಸಿ. ಒಂದು ಸೃಜನಶೀಲ ಯೋಜನೆ ಕೈಗೆತ್ತಿಕೊಳ್ಳಿ. ಬದುಕಿನ ಸಾರ್ಥಕತೆ ಅಲ್ಲಿದೆ.’ ಎಲ್ಲಿದೆ ಅನ್ನುವುದನ್ನು ಭಜಿಯ ಎಣ್ಣೆ ತಿಂದು ಹಾಕಿತ್ತು.

“ಹಂಗಂದ್ರ ಏನ?” ಅಂದಳು ಗಂಗವ್ವ.

“ಸುಮ್ನ ಕುಂತ ಮಂದಿಗೆ ಮಾಡಾಕ ಏನರೆ ಹಚ್ಚೂದು,” ಅಂದೆ ನಾನು.

“ನಂಗ ಮೊದಲ ಸಾಕಷ್ಟ ಹಚ್ಯಾರ.”

ಆದರೂ ಮಾತು ಶುರುವಾಯಿತು. ಈ ಬರುವ ವರ್ಷ ಅನ್ನುವುದು ವಿಚಿತ್ರ ರೋಗ. ಹುಲ್ಲಿನ ಮುದುಕನ ಪಕ್ಕ ಕೂತರೆ ಸಾಕು, ಎಲ್ಲರಿಗೂ ಹತ್ತುತ್ತದೆ. ಪೆದ್ರು ಮ್ಯಾಂಡೊಲಿನ್ ಕಲಿಯುತ್ತಾನಂತೆ. ಹಿಂದಿನ ವರ್ಷ ಪಿಟೀಲು ಅಂದಿದ್ದ. ಅದರ ಹಿಂದಿನ ವರ್ಷ ಕಹಳೆ. ಯಾವ ವಾದ್ಯವನ್ನೂ ಕೊಳ್ಳದೆ ಇಡೀ ಬ್ಯಾಂಡು ಕಲಿತವನು ಅವನೊಬ್ಬನೇ. ಉಸ್ತಾದರ ಮಂಚದ ಕೆಳಗೆ ಸುರುಳಿ ಸುತ್ತಿದ ಒಂದು ದೊಡ್ಡ ಕ್ಯಾನ್ವಾಸ್ ಇತ್ತು. “ಬರೂ ವರ್ಷ ಒಂದು ಖರೇ ಚಿತ್ರ ಬರೀತೇನಿ,” ಅಂತ ಅವರು ಪ್ರತಿ ಡಿಸೆಂಬರ್ ಹೇಳುತ್ತಿದ್ದರು. ಪ್ರತಿ ಜನವರಿ ಅದರ ಮೇಲಿನ ಧೂಳು ಜಾಡಿಸುತ್ತಿದ್ದರು. ಅದೇ ಅವರ ಯೋಜನೆ.

ಗಂಗವ್ವ ಖಾನಾವಳಿಗೆ ಬೋರ್ಡು ಹಾಕಿಸುತ್ತೇನೆ ಅಂದಳು. ಬದಾಮಿ ಕಡೆಯ ಹೆಂಗಸು. ಅವಳು ರೊಟ್ಟಿ ಬಡಿದರೆ ಸೇತುವೆಯಾಚೆ ಆಗಶಿಯಲ್ಲಿ ಮಲಗಿದವರು ಎದ್ದು ಕೂರುತ್ತಿದ್ದರು. ಅವಳಿಗೆ ಇದ್ದದ್ದು ಒಂದೇ ತಾಪತ್ರಯ.

“ಉಣ್ಣಾಕ ಮಂದಿ ಬರ್ತಾರ,” ಅಂದಳು. “ಉಂಡ ಮ್ಯಾಲ ಏಳಂಗಿಲ್ಲ. ಎಲಿ ಅಡಕಿ ಹಾಕ್ಕೊಂಡು, ಊರ ಸುದ್ದಿ ತಗದು, ಕುಂತ ಬಾಕಿನ ಮ್ಯಾಲ ಬೇರು ಬಿಡತಾರ. ಹೊರಗ ನಿಂತಾವ್ರು ಜಾಗಾ ಇಲ್ಲ ಅಂತ ಹೋಗಿಬಿಡತಾರ. ಬೋರ್ಡ್ ನೋಡಿ ಬ್ಯಾರೇ ಮಂದಿ ಬಂದ್ರರೆ ಬರ್ಲಿ.”

“ನಿಂದೇನಲೇ ದಸ್ತು?” ಅಂತ ಉಸ್ತಾದ್ ನನ್ನ ಕಡೆ ತಿರುಗಿದರು.

“ಮೂಲ್ಯಾಗ ನನ್ನ ಹೆಸರು,” ಅಂದೆ. “ಒಂದ ಒಂದು ಬೋರ್ಡಿನ್ಯಾಗ.”

ಉಸ್ತಾದ್ ಚಹಾ ಪೂರ್ತಿ ಕುಡಿದು, ಬಸಿಯನ್ನೂ ನೆಕ್ಕಿ, ಆಮೇಲೆ ಹೇಳಿದರು.

“ಗಂಗವ್ವನ ಬೋರ್ಡ್ ನೀ ಬರಿ. ನಿನ್ನ ಸ್ವಂತ ತಲೀಲೆ ಬರಿ. ನಾ ಮುಟ್ಟಂಗಿಲ್ಲ. ಹಾದಿಗೆ ಹೋಗಾವ್ರು ನಿಂತು ನೋಡಬೇಕು. ನಿಂತು ನೋಡಿದ್ರ ಆಡಿನ ಹೆಸರು ಅಳಸಿ ನಿನ್ನ ದಸ್ಕತ್ ಹಾಕು. ಇಲ್ಲಂದ್ರ ಇನ್ನ ಮ್ಯಾಲ ಆ ಮಾತು ತಗೀಬ್ಯಾಡ.”

ಮರುದಿನ ಅವರು ಎರಡು ಬಸ್ಸಿಗೆ ಬಣ್ಣ ಹಚ್ಚಲು ವಾಳಪೈಗೆ ಹೋದರು. ಅಂಗಡಿಗೆ ನಾನೇ ರಾಜ. ಮೊದಲ ರಾಜಾಜ್ಞೆಯಾಗಿ ಮರಳು ಕಾಗದವನ್ನು ದೂರ ಎಸೆದೆ.

ಗಂಗವ್ವನಿಗೆ ಬೇಕಾದದ್ದು ಎರಡೇ ಮಾತು: ಚಲೋ ಊಟ. ಒಳ್ಳೆಯ ಊಟ. ಆದರೆ ನಾಗರಿ ಲಿಪಿಯಲ್ಲಿ ಬರೆಯಬೇಕು. “ನಮ್ಮ ಮಂದಿ ವಾಸನಿ ಹಿಡದು ಬರ್ತಾರ, ಅವರಿಗ್ಯಾಕ ಬೋರ್ಡ್? ಇಲ್ಲಿಯಾವ್ರು ಓದಬೇಕು,” ಅಂದಳು. ಮಾತು ಕನ್ನಡದ್ದು, ಲಿಪಿ ನಾಗರಿಯದ್ದು. ನಮಗಿಬ್ಬರಿಗೂ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಚಲೋ ಅಂದರೆ ಚಲೋ, ಊಟ ಅಂದರೆ ಊಟ. ಇದಕ್ಕಿಂತ ಸರಳ ಮಾತು ಜಗತ್ತಿನಲ್ಲಿ ಯಾವುದಿದೆ?

ಸರಳವಾಗಿ ಬರೆದಿದ್ದರೆ ಅರ್ಧ ದಿನದ ಕೆಲಸ. ಆದರೆ ನನ್ನೊಳಗೆ ಮಲಗಿದ್ದ ಕಲಾವಿದ ಎದ್ದುಬಿಟ್ಟಿದ್ದ. ಭಜಿ ಪತ್ರಿಕೆಯವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ನಾಗರಿಯ ಟ ಅಕ್ಷರವನ್ನು ನೀವು ನೋಡಿರಬೇಕು. ಅರ್ಧ ತಿಂದು ಬಿಟ್ಟ ರೊಟ್ಟಿಯ ಹಾಗಿದೆ. ಒಂದು ಬದಿ ಬಾಯಿ ತೆರೆದುಕೊಂಡು, ದರಿದ್ರ ಹಿಡಿದು ನಿಂತಿರುತ್ತದೆ. ಊಟ ಅನ್ನುವ ಮಾತಿನ ಕೊನೆಗೆ ಅರ್ಧ ರೊಟ್ಟಿಯೇ? ಗಂಗವ್ವನ ಮರ್ಯಾದೆ ಏನಾಗಬೇಕು? ನಾನು ಆ ಬಾಯಿಯನ್ನು ಮುಚ್ಚಿ ಪೂರ್ತಿ ದುಂಡಗೆ ಮಾಡಿದೆ. ದುಂಡು ತಾಟು. ತಾಟಿನ ಅಂಚಿಗೆ ಬೆಳ್ಳಿ ಬಣ್ಣ. ಒಳಗೆ ಬಿಳಿ ಜೋಳದ ರೊಟ್ಟಿ, ರೊಟ್ಟಿಯ ಮೇಲೆ ಕಂದು ಚುಕ್ಕೆ, ನಟ್ಟ ನಡುವೆ ಬೆಣ್ಣೆಯ ಒಂದು ಉಂಡೆ. ಹಿಂದೆ ಸರಿದು ನೋಡಿದೆ. ನನಗೇ ಹಸಿವಾಯಿತು. ಒಂದು ಕಾಗೆ ಬಂದು ಬೆಣ್ಣೆಯನ್ನು ಕುಕ್ಕಿತು ಅಂದರೆ ನೀವು ನಂಬುವುದಿಲ್ಲ. ನಂಬಬೇಡಿ, ಕಾಗೆ ಬರಲಿಲ್ಲ. ಆದರೆ ಬರಬೇಕಿತ್ತು.

ಮೂಲೆಯಲ್ಲಿ ಸದ್ಯಕ್ಕೆ ‘ಗುಲಾಬ್ ಆರ್ಟ್ಸ್’ ಅಂತಲೇ ಬರೆದೆ. ಅಳಿಸಲು ಸುಲಭವಾಗಲಿ ಅಂತ ಬಣ್ಣ ತೆಳ್ಳಗೆ ಹಚ್ಚಿದೆ.

ಹೊಸ ವರ್ಷದ ಎರಡನೇ ದಿನ, ಊಟದ ಹೊತ್ತಿಗೆ ಸರಿಯಾಗಿ ಬೋರ್ಡು ಏರಿತು. ನಾನು ಕೂದಲು ಬಾಚಿಕೊಂಡು ಎದುರಿಗೆ ಕೈಕಟ್ಟಿ ನಿಂತೆ.

ಮೊದಲು ಒಬ್ಬ ಸೈಕಲ್ಲಿನವನು ನಿಂತ. ಆಮೇಲೆ ಮೀನು ಮಾರುವ ಇಬ್ಬರು ಹೆಂಗಸರು. ಆಮೇಲೆ ಒಂದು ಲಾರಿ. ನೋಡ ನೋಡುತ್ತ ನಿಂತವರ ಸಾಲು ಸೇತುವೆ ಹತ್ತಿ, ನದಿ ದಾಟಿ… ಸರಿ, ಒಂದು ಹದಿನೈದು ಜನ. ಎಲ್ಲರೂ ಬೋರ್ಡನ್ನೇ ನೋಡುತ್ತಿದ್ದರು. ಬೆರಳು ಮಾಡಿ ತೋರಿಸುತ್ತಿದ್ದರು. ಕೆಲವರು ನಗುತ್ತಿದ್ದರು. ಕಲೆಯನ್ನು ನೋಡಿದಾಗ ಮನುಷ್ಯನಿಗೆ ಆನಂದವಾಗುತ್ತದೆ ಅಂತ ನಾನು ಕೇಳಿದ್ದೆ. ಇಷ್ಟು ಆನಂದವಾಗುತ್ತದೆ ಅಂತ ಗೊತ್ತಿರಲಿಲ್ಲ.

“ನಾನ ಬರದದ್ದು,” ಅಂತ ಒಬ್ಬೊಬ್ಬರಿಗೂ ಹೇಳುತ್ತ ತಿರುಗಿದೆ. “ದಸ್ತಗೀರ. ಹೆಸರು ನೆನಪಿಟ್ಟಗೋರಿ. ಸ್ವಂತ ತಲೀಲೆ ಬರದೇನಿ.”

ಅವರು ಇನ್ನೂ ಜೋರಾಗಿ ನಕ್ಕರು. ಒಬ್ಬ ನನ್ನ ಬೆನ್ನು ತಟ್ಟಿದ. ಆದರೆ ಒಬ್ಬನೇ ಒಬ್ಬನೂ ಖಾನಾವಳಿಯ ಒಳಗೆ ಹೋಗಲಿಲ್ಲ. ಒಳಗಿದ್ದವರಲ್ಲಿ ಇಬ್ಬರು ಹೊರಗೆ ಬಂದು ಬೋರ್ಡು ನೋಡಿ, ಕೈ ತೊಳೆದುಕೊಂಡು ಹೋದರು.

ಪೆದ್ರುವಿನ ಬಸ್ಸು ಬಂತು. ಅವನು ಬಾಗಿಲಲ್ಲಿ ಜೋತು ಬಿದ್ದು ಓದಿದ. ಸೀಟಿ ಊದಿ ಬಸ್ಸು ನಿಲ್ಲಿಸಿ ಇಳಿದು ಬಂದ.

“ಅರೆ ಬಾಬಾ, ಇದು ಖಾನಾವಳಿ ಐತಿ ಕೀ ಪೊಲೀಸ್ ಠಾಣಾ ಐತಿ?”

“ಯಾಕ?”

“ಉಣ್ಣಾಕ ಬಂದವಗ ಕುಂದರು ಅನಬೇಕು ಹೌದಿಲ್ಲ? ನೀನು ನಡಿ, ಎದ್ದೇಳು ಅಂತಿ?”

“ಯಾರು ಅಂದಾರ? ಚಲೋ ಊಟ ಅಂತ ಬರದೇನಿ.”

“ಬರದಿ?” ಪೆದ್ರು ನನ್ನ ತಲೆ ಹಿಡಿದು ಬೋರ್ಡಿನ ಕಡೆ ತಿರುಗಿಸಿದ. “ಚಲೋ ಅಂದ್ರ ನಮಗ ನಡಿ ಅಂತ. ಆಮ್ಯಾಲ ಇದು ಟ ಅಲ್ಲ. ದುಂಡಗ ಇದ್ರ ಠ. ಊಠ್. ಅಂದ್ರ ಏಳು. ಚಲೋ, ಊಠ್! ನಡಿ, ಏಳು!”

ಬಸ್ಸಿನೊಳಗಿನಿಂದ ನಗು ಕೇಳಿತು. ಡ್ರೈವರ್ ಹಾರ್ನ್ ಹೊಡೆದ.

“ಅದು ಅಕ್ಷರ ಅಲ್ಲ, ತಾಟು,” ಅಂದೆ. “ಒಳಗ ರೊಟ್ಟಿ ಐತಿ ನೋಡು. ಬೆಣ್ಣಿ ಐತಿ.”

ಹೇಳುತ್ತಿದ್ದಂತೆ ಇನ್ನೊಂದು ಕಣ್ಣಿಗೆ ಬಿತ್ತು. ದುಂಡನೆಯ ಸುತ್ತು, ನಡುವೆ ಒಂದು ಚುಕ್ಕೆ. ಕನ್ನಡದಲ್ಲೂ ಅದು ಠ! ಬೆಣ್ಣೆ ಹಾಕಿದ್ದರಿಂದ ಕನ್ನಡದ ಠ ಕೂಡ ಆಗಿತ್ತು. ಒಂದೇ ಅಕ್ಷರವನ್ನು ಎರಡು ಲಿಪಿಯಲ್ಲಿ ಒಟ್ಟಿಗೆ ತಪ್ಪು ಬರೆದ ಪೇಂಟರ್ ಹಿಂದೆ ಇರಲಿಲ್ಲ, ಮುಂದೆಯೂ ಬರುವುದಿಲ್ಲ. ಇದನ್ನು ನಾನು ಈಗ ಹೆಮ್ಮೆಯಿಂದ ಹೇಳುತ್ತೇನೆ. ಆಗ ಹುಲ್ಲಿನ ಮುದುಕನ ಜೊತೆ ನನ್ನನ್ನೂ ಸುಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಗಂಗವ್ವ ಸೌಟು ಹಿಡಿದು ಹೊರಗೆ ಬಂದಳು. ಪೆದ್ರು ಎಲ್ಲ ವಿವರಿಸಿದ. ಅಷ್ಟು ಚೆನ್ನಾಗಿ ವಿವರಿಸುವ ಅಗತ್ಯವಿರಲಿಲ್ಲ.

“ನನ್ನ ಮನೀ ಬಾಗಲದಾಗ ನಿಂತು ಬಂದಾವ್ರನ ಎಬ್ಬಿಸಿ ಕಳಸಾಕತ್ತೀಯೇನೋ ಭಾಡ್ಯಾ!” ಅಂದಳು. ಸೌಟಿನಲ್ಲಿದ್ದ ಬೇಳೆ ನನ್ನ ಬಾಚಿದ ಕೂದಲ ಮೇಲೆ ಬಿತ್ತು. ಬೇಳೆ ಬಿಸಿಯಿತ್ತು. ಚಲೋ ಊಟ ಅನ್ನುವುದು ಸುಳ್ಳಲ್ಲ, ರುಚಿಯೂ ಇತ್ತು.

ಸಂಜೆ ಉಸ್ತಾದ್ ವಾಳಪೈಯಿಂದ ಬಂದರು. ಬಸ್ಸಿಳಿದು ರಸ್ತೆಯ ನಡುವೆಯೇ ನಿಂತು ಬೋರ್ಡು ನೋಡಿದರು. ಗಡ್ಡ ಆ ದಿನ ನೀಲಿ. ಅವರು ಬೈಯಲಿ ಅಂತ ಕಾದೆ. ಬೈಯಲಿಲ್ಲ. ಅದಕ್ಕೇ ಭಯವಾಯಿತು.

“ಮಂದಿ ನಿಂತು ನೋಡಿದ್ರ?” ಅಂತ ಕೇಳಿದರು.

“ನೋಡಿದ್ರರಿ.”

“ಎಷ್ಟ ಮಂದಿ?”

“ಹದಿನೈದು.” ಆ ಹೊತ್ತಿನಲ್ಲೂ ಸುಮ್ಮನಿರಲು ಆಗಲಿಲ್ಲ. “ಇಪ್ಪತ್ತು ಅನ್ನರಿ. ಒಂದು ಬಸ್ಸು.”

“ಹಂಗಾದ್ರ ಮಾತು ಮಾತು. ಏಣಿ ತಗೊಂಬಾ. ಗುಲಾಬ್ ಆರ್ಟ್ಸ್ ಅಳಸು. ಆಡಿಗೆ ಯಾಕ ಕೆಟ್ಟ ಹೆಸರು? ನಿನ್ನ ದಸ್ಕತ್ ಹಾಕು.”

ಹೀಗೆ ನನ್ನ ಬರುವ ವರ್ಷ ಎರಡೇ ದಿನದಲ್ಲಿ ಬಂದು ಬಾಗಿಲಲ್ಲಿ ನಿಂತಿತು. ಎಷ್ಟೋ ರಾತ್ರಿ ನಾನು ಗಾಳಿಯಲ್ಲಿ ಬೆರಳಾಡಿಸಿ ಆ ಸಹಿಯನ್ನು ರೂಢಿ ಮಾಡಿದ್ದೆ. ದ ಅಕ್ಷರಕ್ಕೆ ಒಂದು ಸುಳಿ, ರ ಅಕ್ಷರಕ್ಕೆ ಒಂದು ಬಾಲ. ಏಣಿ ಹತ್ತಿದೆ. ಕೆಳಗೆ ಗಂಗವ್ವ, ಪೆದ್ರು, ಅರ್ಧ ಕೊರ್ತಾಲಿಮ್. ಕೈ ನಡುಗಿತು. ದ ನಡುಗಿತು, ಸ್ತ ನಡುಗಿತು, ಗೀ ಅಂತೂ ಚಳಿ ಜ್ವರ ಬಂದವರ ಹಾಗೆ ಬಂತು. ಇರುವೆಯಷ್ಟು ಸಣ್ಣದಾಗಿ ಬರೆದು ಇಳಿಯಲು ಹೊರಟೆ.

“ದೊಡ್ಡದು ಮಾಡು,” ಅಂದರು ಉಸ್ತಾದ್ ಕೆಳಗಿನಿಂದ. “ಹಾದಿಗೆ ಹೋಗಾವ್ರಿಗೆ ಕಾಣಬೇಕು.”

ದೊಡ್ಡದು ಮಾಡಿದೆ. ನಡುಗಿದ್ದೂ ದೊಡ್ಡದಾಯಿತು.

ಬೆಳಗಾದರೆ ಬೋರ್ಡು ಇಳಿಸಿ ತಿದ್ದುವುದು ಅಂತ ಮಾತಾಗಿತ್ತು. ಆದರೆ ಬೆಳಿಗ್ಗೆ ಖಾನಾವಳಿ ತುಂಬಿತ್ತು. ಹಿಂದಿನ ದಿನ ನಕ್ಕು ಹೋದವರು ಇನ್ನಿಬ್ಬರನ್ನು ನಗಿಸಲು ಕರೆತಂದಿದ್ದರು. ನಕ್ಕ ಮೇಲೆ ಹಸಿವಾಗುತ್ತದೆ, ಬಂದವರು ಉಂಡರು. ಉಂಡ ಮೇಲೆ ನಮ್ಮ ಕಡೆಯ ಒಬ್ಬ ಗಾರೆ ಕೆಲಸದ ಗೌಂಡಿ ಬೆಂಚಿನ ಮೇಲೆ ಕಾಲು ಮಡಚಿ ಎಲೆ ಅಡಿಕೆ ಚೀಲ ಬಿಚ್ಚಿದ. ಗಂಗವ್ವ ಸೌಟಿನಿಂದ ಬೋರ್ಡಿನ ಕಡೆ ತೋರಿಸಿದಳು.

“ಏನಂತೈತಿ ಓದು.”

“ಚಲೋ… ಊಠ್,” ಅಂತ ಪಕ್ಕದವನು ಓದಿ ಹೇಳಿದ. ಎಲ್ಲರೂ ನಕ್ಕರು. ಗೌಂಡಿ ಚೀಲ ಕಟ್ಟಿಕೊಂಡು ಎದ್ದ. ಹೊರಗೆ ನಿಂತಿದ್ದವನು ಒಳಗೆ ಬಂದು ಕೂತ.

ನಾನು ಏಣಿ ತಂದು ನಿಲ್ಲಿಸಿದ್ದೆ. ಗಂಗವ್ವ ಏಣಿಯನ್ನೂ ನನ್ನನ್ನೂ ನೋಡಿದಳು.

“ಒಂದು ಗೆರಿ ಮುಟ್ಟಿದ್ರ ಕೈ ಮುರೀತೇನಿ,” ಅಂದಳು.

ಬೋರ್ಡು ಹಾಗೇ ಉಳಿಯಿತು. ಆ ನಿಲ್ದಾಣಕ್ಕೇ ಆ ಹೆಸರಾಯಿತು. ಪೆದ್ರು ಬಸ್ಸಿನಲ್ಲಿ “ಚಲೋ ಊಠ್!” ಅಂತ ಕೂಗಿದರೆ ಹೊಸ ಪ್ರಯಾಣಿಕರು ಗಾಬರಿಯಾಗಿ ಎದ್ದು ನಿಲ್ಲುತ್ತಿದ್ದರು. ಇಳಿಯುವವರು ಯಾರು, ಹೆದರಿ ಎದ್ದವರು ಯಾರು ಅಂತ ಅವನಿಗೂ ತಿಳಿಯುತ್ತಿರಲಿಲ್ಲ. ಆಮೇಲೆ ನಾನು ನೂರಾರು ಬೋರ್ಡು ಬರೆದೆ. ಒಂದರಲ್ಲೂ ತಪ್ಪಿರಲಿಲ್ಲ. ಯಾವುದಕ್ಕೂ ನನ್ನ ಹೆಸರಿರಲಿಲ್ಲ. ಎಲ್ಲದರ ಮೂಲೆಯಲ್ಲೂ ಆಡೇ ನಿಂತಿತ್ತು. “ತಪ್ಪ ಇಲ್ಲದಿದ್ರ ದಸ್ಕತ್ ಯಾಕ?” ಅನ್ನುತ್ತಿದ್ದರು ಉಸ್ತಾದ್.

ಆಮೇಲೆ ವಾಸ್ಕೋದಲ್ಲಿ ಮಷೀನು ಬಂತು. ಅಕ್ಷರ ಒತ್ತಿದರೆ ಅಂಟಿನ ಹಾಳೆಯಲ್ಲಿ ಕತ್ತರಿಸಿ ಕೊಡುತ್ತದೆ. ಹಲಗೆ ಉಜ್ಜುವುದು ಬೇಡ, ದಾರ ಹೊಡೆಯುವುದು ಬೇಡ, ಗಡ್ಡಕ್ಕೆ ಬಣ್ಣವೂ ಬೇಡ. ನಾನೂ ಉಸ್ತಾದರೂ ನೋಡಲು ಹೋದೆವು. ಉಸ್ತಾದ್ ಒಂದು ಬೀಡಿ ಹಚ್ಚುವುದರೊಳಗೆ ಅದು ಎರಡು ಸಾಲು ಕತ್ತರಿಸಿ ಉಗುಳಿತು. ಅಕ್ಷರಗಳೆಲ್ಲ ಅಕ್ಕತಂಗಿಯರ ಹಾಗೆ, ಒಂದರ ಮುಖ ಇನ್ನೊಂದಕ್ಕೆ. ಜೀವ ಮಾತ್ರ ಯಾವುದಕ್ಕೂ ಇಲ್ಲ.

“ಕೈ ಚಲೋ ಐತಿ ಅದರದು,” ಅಂದರು ಉಸ್ತಾದ್ ವಾಪಸು ಬರುವಾಗ.

ಅಂಗಡಿ ಮುಚ್ಚುವ ದಿನ ಸಾಮಾನು ಕಟ್ಟಿದೆವು. ಮಂಚದ ಕೆಳಗಿನ ಕ್ಯಾನ್ವಾಸ್ ಸುರುಳಿಯನ್ನು ನಾನೇ ಎಳೆದು ಬಿಚ್ಚಿದೆ. ಇಷ್ಟು ವರ್ಷದಲ್ಲಿ ಅದರೊಳಗೆ ಏನಿದೆ ಅಂತ ಯಾರಿಗೂ ತೋರಿಸಿರಲಿಲ್ಲ. ಬರೀ ಬಿಳಿ. ಒಂದು ಗೆರೆಯೂ ಇಲ್ಲ. ಕೆಳಗಿನ ಮೂಲೆಯಲ್ಲಿ ಮಾತ್ರ, ಸಣ್ಣದಾಗಿ, ಒಳ್ಳೆ ಮುತ್ತು ಪೋಣಿಸಿದ ಹಾಗೆ: ಹುಸೇನಸಾಬ.

“ಚಿತ್ರ ಎಲ್ಲೈತ್ರಿ ಉಸ್ತಾದ್?”

“ಸಲೀಸ ಇದ್ದದ್ದ ಮೊದಲ ಮಾಡಿ ಮುಗಿಸೇನಿ,” ಅಂದರು. “ಬರೂ ವರ್ಷ ಉಳಿದದ್ದ ಬರೀತೇನಿ.”

ನಾನು ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರೂ ನಕ್ಕರು. ಆಮೇಲೆ ಸುರುಳಿಯನ್ನು ಜೋಪಾನವಾಗಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಅಳಿಲಿನ ಕೂದಲಿನ ಬ್ರಷ್ಷನ್ನು ನನ್ನ ಅಂಗಿ ಜೇಬಿಗೆ ಸಿಕ್ಕಿಸಿ, ಇಂಡಿ ಬಸ್ಸು ಹತ್ತಿದರು. ನಾನು ನಿವೃತ್ತನಾದದ್ದು ಹೀಗೆ. ಈಗ ಪೆದ್ರುವಿನ ಬಸ್ಸಿನಲ್ಲಿ ಬಾಗಿಲು ಕಾಯುತ್ತೇನೆ. ಅವನು ಈ ವರ್ಷ ಕೊಳಲು ಕಲಿಯುತ್ತಾನಂತೆ.

ಕಳೆದ ಮಳೆಗಾಲಕ್ಕೆ ಗಂಗವ್ವನ ಬೋರ್ಡಿನ ಹಲಗೆ ಕೊಳೆತು ಬಿತ್ತು. ಅವಳು ವಾಸ್ಕೋದ ಮಷೀನಿನವನಿಗೆ ಹೇಳಿ ಹೊಸದು ಮಾಡಿಸಿದಳು. ಅವನು ಓದಿದವನು, ಜೇಬಿನಲ್ಲಿ ಎರಡು ಪೆನ್ನು. ಬೋರ್ಡು ತಂದಾಗ ನಾನು ಅಲ್ಲೇ ಉಣ್ಣುತ್ತಿದ್ದೆ. ತಾಟು ತೆಗೆದು ಟ ಹಾಕಿ, ‘ಚಲೋ’ ತೆಗೆದು ‘ಉತ್ತಮ’ ಹಾಕಿ ತಂದಿದ್ದ. ಗಂಗವ್ವ ಅವನನ್ನು ಅದೇ ಬಸ್ಸಿನಲ್ಲಿ ವಾಪಸು ಕಳಿಸಿದಳು. ಎರಡನೇ ಸಲ ತಂದಾಗ ಎಲ್ಲವೂ ಇತ್ತು. ಚಲೋ, ಊಠ್, ತಾಟು, ರೊಟ್ಟಿ, ಬೆಣ್ಣೆಯ ಚುಕ್ಕೆ. ಮೂಲೆಯಲ್ಲಿ ನನ್ನ ಹೆಸರು ಕೂಡ ಇತ್ತು. ಮಷೀನು ಕತ್ತರಿಸಿದ ದಸ್ತಗೀರ. ನೆಟ್ಟಗೆ, ನುಣ್ಣಗೆ, ಪೊಲೀಸರ ಹಾಗೆ.

ಗಂಗವ್ವ ಹತ್ತಿರ ಹೋಗಿ ನೋಡಿದಳು. ಅವಳಿಗೆ ಓದಲು ಬರುವುದಿಲ್ಲ.

“ಇದು ಇವಂದಲ್ಲ,” ಅಂದಳು.

“ಅದ ಹೆಸರು ಐತ್ರಿ ಬಾಯಿ,” ಅಂದ ಎರಡು ಪೆನ್ನಿನವನು.

“ಹೆಸರು ಇರಬೋದು. ಇವಂದು ನಡಗತಿತ್ತು.” ಉಗುರಿನಿಂದ ಆ ಅಂಟಿನ ಹೆಸರನ್ನು ಪರಪರ ಕಿತ್ತು ಹಾಕಿದಳು. “ಏಳಲೇ ದಸ್ತು. ಉಂಡದ್ದ ಸಾಕು. ನೀನ ಹಾಕು.”

ಕೈ ತೊಳೆದು, ಬಸ್ಸಿನ ಪೆಟ್ಟಿಗೆಯಿಂದ ಒಂದಿಷ್ಟು ಕೆಂಪು ಬಣ್ಣ ತಂದೆ. ಉಸ್ತಾದರ ಬ್ರಷ್ಷು ಜೇಬಿನಲ್ಲೇ ಇತ್ತು. ಅದನ್ನು ಇಟ್ಟುಕೊಂಡು ತಿರುಗುತ್ತೇನೆ ಅಂತ ಯಾರಿಗೂ ಹೇಳಿರಲಿಲ್ಲ, ಈಗ ಹೇಳಿದಂತಾಯಿತು. ಏಣಿ ಹತ್ತಿ ಬರೆದೆ. ದ, ಸ್ತ, ಗೀ, ರ. ಹಳೆಯದರ ಹಾಗೆಯೇ ಬಂತು, ಒಂದಿಷ್ಟೂ ಬೇರೆಯಿಲ್ಲ.

ಹಳೆಯದಕ್ಕೆ ಹೊಂದಲಿ ಅಂತ ಬೇಕೆಂದೇ ಕೈ ನಡುಗಿಸಿದೆ. ಎಲ್ಲರಿಗೂ ಹಾಗೇ ಹೇಳಿದ್ದೇನೆ.